ನಗುವಿನ ಗೆರೆ

ಇದು ಕಟ್ಟುಕಥೆಯಲ್ಲ, ನಡೆದದ್ದು. ಹೆತ್ತ ತಾಯಿಯ ಆಣೆ, ಅನ್ನ ಕೊಡುವ ಕಸುಬಿನ ಆಣೆ. ಇಷ್ಟು ಆಣೆಯೂ ಸಾಲದು ಅನ್ನುವವರು ನನ್ನ ಬಾಯಲ್ಲಿರುವ ಮೇಲಿನ ಸಾಲಿನ ಹಲ್ಲನ್ನೇ ಕೇಳಬಹುದು. ಅದು ಈ ಕಥೆ ನಡೆದ ಅಂಗಡಿಯಲ್ಲೇ ಹುಟ್ಟಿದ್ದು. ನಾನು ಸುಳ್ಳು ಹೇಳಿದರೆ ತಾನಾಗಿಯೇ ಸಡಿಲವಾಗುತ್ತದೆ. ಈಗ ನೋಡಿ, ಬಂಡೆಯ ಹಾಗೆ ಕೂತಿದೆ.

ನನ್ನದು ಛತ್ರಿ ರಿಪೇರಿ ಅಂಗಡಿ. ಎಡಕ್ಕೆ ಬ್ರೆಡ್ಡಿನ ಅಂಗಡಿ, ಬಲಕ್ಕೆ ಹಲ್ಲುಸೆಟ್ಟು ಮಾಡುವವನ ಅಂಗಡಿ. ಅವನನ್ನು ಬೀದಿಯವರೆಲ್ಲ ಹಲ್ಲಣ್ಣ ಅನ್ನುತ್ತಾರೆ. ಅವನ ಹೆಂಡತಿ ಚಿಕ್ಕವರಿಗೂ ದೊಡ್ಡವರಿಗೂ ಅತ್ತಿಗೆ. ನಮ್ಮಿಬ್ಬರ ಅಂಗಡಿಯ ನಡುವೆ ಇರುವುದು ಹಲಗೆಯ ಗೋಡೆ. ಅಲ್ಲಿ ಅವರು ನಿಟ್ಟುಸಿರು ಬಿಟ್ಟರೆ ಇಲ್ಲಿ ನನ್ನ ಛತ್ರಿ ಅಲ್ಲಾಡುತ್ತದೆ. ಹಾಗಾಗಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಹಲ್ಲು ಕಟ್ಟುವ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಬಾಯಿಯ ಅಚ್ಚು ತೆಗೆದ ಮೇಲೆ ಮೇಣದ ಪಟ್ಟಿಯೊಂದನ್ನು ಮಾಡಿ ವಸಡಿನ ಮೇಲೆ ಕೂರಿಸುತ್ತಾರೆ. ಆಮೇಲೆ ಗಿರಾಕಿ ನಗಬೇಕು. ನಕ್ಕಾಗ ಮೇಲ್ದುಟಿ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಮೇಣದ ಮೇಲೆ ಸಣ್ಣ ಚಾಕುವಿನಿಂದ ಗೆರೆ ಎಳೆಯಬೇಕು. ಅದನ್ನೇ ಹಲ್ಲಣ್ಣ ನಗುವಿನ ಗೆರೆ ಅನ್ನುತ್ತಾನೆ. ಹಲ್ಲು ಜೋಡಿಸುವುದು ಆ ಗೆರೆ ನೋಡಿಕೊಂಡು. ನಗು ನಿಜವಾಗಿದ್ದರೆ ಗೆರೆಯೂ ನಿಜ. ಸುಳ್ಳು ನಗೆಗೆ ತುಟಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ನಗಿಸುವ ಖಾತೆ ಅತ್ತಿಗೆಯದು. ಗಿರಾಕಿಯ ಎದುರಿಗೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗೆ ಗಂಭೀರ. ಅವಳು ಹೇಳುತ್ತಿದ್ದ ಒಂದು ಕಥೆ ಹೀಗೆ: ಒಂದು ಸಲ ಅವಳು ಮಾದರಿ ಸೆಟ್ಟನ್ನು ಲೋಟದ ನೀರಲ್ಲಿ ಹಾಕಿಟ್ಟಿದ್ದಳಂತೆ. ಮನೆಗೆ ಬಂದ ನೆಂಟರೊಬ್ಬರು ಅದನ್ನೇ ಎತ್ತಿ ಗಟಗಟ ಕುಡಿದು, ಲೋಟ ಕೆಳಗಿಟ್ಟು, ನಿಮ್ಮ ಮನೆಯಲ್ಲಿ ನೀರೂ ನನ್ನ ನೋಡಿ ನಗುತ್ತಲ್ಲ ತಾಯಿ ಅಂದರಂತೆ. ಇದನ್ನು ಕೇಳಿ, ಮದುವೆಯಾದಾಗಿನಿಂದ ನಗದೇ ಇದ್ದ ನಿವೃತ್ತ ಪೊಲೀಸಪ್ಪನೊಬ್ಬ ಕುರ್ಚಿಯಿಂದ ಕೆಳಗೆ ಬಿದ್ದ. ಹಲ್ಲಣ್ಣ ನೆಲದ ಮೇಲೇ ಕೂತು ಗೆರೆ ಎಳೆದ.

ಅಂಥ ಅತ್ತಿಗೆ ಒಂದು ಬೆಳಿಗ್ಗೆ ಎದೆನೋವು ಅಂದವಳು ಮಧ್ಯಾಹ್ನ ಇರಲಿಲ್ಲ.

ಆಮೇಲೆ ಹಲ್ಲಣ್ಣ ಅಂಗಡಿ ತೆರೆದ, ಬಾಯಿ ತೆರೆಯಲಿಲ್ಲ. ಗಿರಾಕಿ ಬಂದರೆ ಅಚ್ಚು ತೆಗೆಯುತ್ತಿದ್ದ, ಮೇಣ ಕೂರಿಸುತ್ತಿದ್ದ, ಗೋಡೆ ನೋಡಿಕೊಂಡು "ನಗಿ" ಅನ್ನುತ್ತಿದ್ದ. ಯಾರು ನಗುತ್ತಾರೆ? ಪಾಪ, ಅವರೂ ಅವನ ಮುಖ ನೋಡಿ ತುಟಿ ಎಳೆದು ತೋರಿಸುತ್ತಿದ್ದರು. ಅವನು ಗೆರೆ ಎಳೆಯುತ್ತಿದ್ದ. ಆ ಸೆಟ್ಟುಗಳು ಊಟಕ್ಕೆ ಸರಿಯಾಗಿದ್ದವು, ಮಾತಿಗೂ ಸರಿ. ನಕ್ಕರೆ ಮಾತ್ರ ಕಳಚಿ ಬೀಳುತ್ತಿದ್ದವು. ಬ್ರೆಡ್ಡಿನ ಅಂಗಡಿಯ ಅಜ್ಜಿ ಮರಿಮಗುವಿನ ಆಟ ನೋಡಿ ನಕ್ಕಾಗ ಅವಳ ಸೆಟ್ಟು ಹಾರಿಹೋಗಿ ಒಂದು ಬ್ರೆಡ್ಡನ್ನು ಕಚ್ಚಿತು. ಅದನ್ನು ಕೊಂಡವನು ಸಂಜೆ ವಾಪಸ್ ತಂದು, ಇದನ್ನು ಆಗಲೇ ಯಾರೋ ತಿಂದಿದ್ದಾರೆ ಅಂತ ಜಗಳಕ್ಕೆ ನಿಂತ.

ಹೀಗೆ ನಮ್ಮ ಬೀದಿಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ನಗುವುದನ್ನು ಬಿಟ್ಟರು. ನಗು ಬಂದರೆ ಬಾಯಿಗೆ ಕೈ ಅಡ್ಡ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಹಲ್ಲಿತ್ತು, ನಗುವಿರಲಿಲ್ಲ. ಕೊನೆಗೆ ಬೀದಿಯ ನಾಯಿಯೂ ಬಾಲ ಅಲ್ಲಾಡಿಸುವ ಮೊದಲು ಅಕ್ಕಪಕ್ಕ ನೋಡುತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯೇ ಹಲ್ಲಣ್ಣನ ಮನೆ. ಒಂದು ಒಲೆ, ಎರಡು ಮಂಚ, ಗೋಡೆಯುದ್ದಕ್ಕೂ ಒಂದು ಹಲಗೆ. ಹಲಗೆಯ ಮೇಲೆ ಗಿರಾಕಿಗಳ ಬಾಯಿಯ ಬಿಳಿ ಅಚ್ಚುಗಳು. ಎಲ್ಲವೂ ಬಾಯಿ ತೆರೆದು ಸದ್ದಿಲ್ಲದೆ ನಗುತ್ತಿರುವ ಹಾಗೆ ಕಾಣುತ್ತಿದ್ದವು. ಒಂದು ದಿನ ಅವನು ಅವನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟ. ರೇಡಿಯೋದ ಮೇಲೆ ಬಟ್ಟೆ ಹೊದಿಸಿದ. ಅನ್ನ ಬೇಯಿಸಿಕೊಂಡು ತಟ್ಟೆಗೆ ಹಾಕದೆ ಪಾತ್ರೆಯಲ್ಲೇ ಎರಡು ತುತ್ತು ತಿಂದು ಮುಚ್ಚಿಡುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ನೂಲಿನ ಮಿಲ್ಲಿನಲ್ಲಿ ಕೆಲಸ. ತಾಯಿ ಹೋದ ಸ್ವಲ್ಪ ಕಾಲಕ್ಕೆ, ಅವಳು ಗೆಳತಿಯ ಜೊತೆ ಫೋನಲ್ಲಿ ಮಾತಾಡುತ್ತಾ ಕಿಸಕ್ಕನೆ ನಕ್ಕಳು. ಹಲ್ಲಣ್ಣ ಬಾಗಿಲಲ್ಲಿ ನಿಂತು ಕೇಳಿದ ಮಾತು ಹಲಗೆಯ ಗೋಡೆ ದಾಟಿ ನನ್ನ ಎದೆಗೂ ಬಡಿಯಿತು.

"ನಿಮ್ಮಮ್ಮ ಇಲ್ಲದ ಮನೇಲಿ ನಿಂಗೆ ಹೇಗಮ್ಮ ನಗು ಬರುತ್ತೆ?"

ಅಂದಿನಿಂದ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಉಂಡ ಮೇಲೆ ಅವಳ ಊಟ, ಅವಳು ಮಲಗಿದ ಮೇಲೆ ಅಪ್ಪನ ನಿದ್ದೆ. ಒಂದೇ ಕೋಣೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗಿದ್ದರು. ಕಡೆಗೆ ಅವಳು ಮಿಲ್ಲಿನ ಹಾಸ್ಟೆಲ್ಲಿಗೆ ಹೋಗಿ ಇರುತ್ತೇನೆ ಅಂದಳು. ಅವನು ಬೇಡ ಅನ್ನಲಿಲ್ಲ. ಅವಳು ಹೋದರೆ ಆ ಮನೆಯಲ್ಲಿ ಉಸಿರಾಡುವ ಸದ್ದು ಒಂದೇ ಆಗುತ್ತದೆ ಅಂತ ನನಗೆ ಭಯವಾಯಿತು. ಅದೂ ಎಷ್ಟು ದಿನವೋ.

ಬೀದಿಯ ಕ್ಷೌರದವನಿಗೂ ಮರುಕ ಬಂತು. ಒಳ್ಳೆಯ ಮನಸ್ಸು, ಕೆಟ್ಟ ನಾಲಿಗೆ. ಹಲ್ಲಣ್ಣನನ್ನು ನಗಿಸುತ್ತೇನೆ ಅಂತ ಹೋಗಿ, ಹೊಸ ಹೆಂಡತಿ ತಂದರೆ ಹಳೇ ಸ್ಟೂಲು ಖಾಲಿ ಇರೋದು ತಪ್ಪುತ್ತೆ ಅಂತ ಹಲ್ಲು ಕಿರಿದ. ಹಲ್ಲಣ್ಣ ಎದ್ದು ಅಂಗಡಿಯ ಬಾಗಿಲು ಎಳೆದುಕೊಂಡ. ಸಂಜೆಯವರೆಗೂ ತೆರೆಯಲಿಲ್ಲ.

ನಮ್ಮ ಬೀದಿಗೆ ಆಸ್ಪತ್ರೆಯಿಂದ ಬರುವ ನರ್ಸಮ್ಮನನ್ನು ನಾವು ಸೂಜಿ ಅಕ್ಕ ಅನ್ನುತ್ತೇವೆ. ಆಕೆ ಕ್ಷೌರದವನನ್ನು ನಿಲ್ಲಿಸಿಕೊಂಡು ಚೆನ್ನಾಗಿಯೇ ಝಾಡಿಸಿದಳು. ನೋವಿನ ಮೇಲೆ, ಬಡತನದ ಮೇಲೆ, ಮೈಬಣ್ಣದ ಮೇಲೆ, ಹುಟ್ಟಿದ ಜಾತಿಯ ಮೇಲೆ ಆಡಿದ್ದು ನಗೆಮಾತಲ್ಲ ಅಂದಳು. ಅದು ಎಡವಿ ಬಿದ್ದವನನ್ನು ನೋಡಿ ನಕ್ಕ ಹಾಗೆ. ಒಳ್ಳೆಯ ನಗೆಮಾತು ಅಂದರೆ ಕೇಳಿದವನೂ ಹೇಳಿದವನೂ ಒಂದೇ ಕಡೆ ಕೂತು ನಗುವಂಥದ್ದು. ಅಷ್ಟು ಹೊತ್ತೂ ಕ್ಷೌರದವನು ತನ್ನ ಬಾಚಣಿಗೆಯ ಹಲ್ಲು ಎಣಿಸುತ್ತಿದ್ದ.

ಅದಾದ ಮೇಲೆ ಸೂಜಿ ಅಕ್ಕ ಹಲ್ಲಣ್ಣನ ಹತ್ತಿರ ಹೋದಳು. ತೋಳಿಗೆ ಬಿಪಿ ಪಟ್ಟಿ ಸುತ್ತಿ, ಊಟ ನಿದ್ದೆ ವಿಚಾರಿಸಿದಳು. ಎರಡೂ ಸರಿಯಿಲ್ಲ ಅಂತ ಗೊತ್ತಾದಾಗ, ನಾಳೆಯೇ ಆಸ್ಪತ್ರೆಗೆ ಬಂದು ಡಾಕ್ಟರಿಗೆ ತೋರಿಸಬೇಕು, ಮನಸ್ಸಿಗೂ ಡಾಕ್ಟರು ಇರುತ್ತಾರೆ, ನಾಚಿಕೆ ಬೇಡ ಅಂದಳು. ಅದರ ಜೊತೆಗೆ, ನೀವು ಮಗಳ ಹತ್ತಿರ ಮಾತಾಡಬೇಕು, ಒಂದಿಷ್ಟು ನಗಬೇಕು ಅಂದಳು. ಗಟ್ಟಿಯಾಗಿ ನಕ್ಕರೆ ಉಸಿರು ಆಳಕ್ಕೆ ಹೋಗಿ ಬರುತ್ತದೆ, ಬಿಗಿದುಕೊಂಡ ಮೈ ಸಡಿಲವಾಗುತ್ತದೆ ಅಂತಲೂ ತಿಳಿಸಿದಳು.

"ನೀನು ಬಿಪಿ ನೋಡು, ಬುದ್ಧಿ ಹೇಳ್ಬೇಡ" ಅಂದ ಹಲ್ಲಣ್ಣ. "ನಾನು ನಕ್ರೆ ಅವಳನ್ನ ಮರೆತ ಹಾಗೆ."

"ನಗೋದು ಅಂದ್ರೆ ಮರೆಯೋದಲ್ಲ ಅಣ್ಣಾ. ಮೂಟೆ ಹೊತ್ತೋನು ದಾರೀಲಿ ಒಂದು ಕಡೆ ಇಳಿಸಿ ಉಸಿರು ತಗೋತಾನಲ್ಲ, ಹಾಗೆ. ಮೂಟೆ ಎಲ್ಲೂ ಹೋಗಲ್ಲ, ಮತ್ತೆ ಹೊರಬೇಕು. ಹೊರೋಕೆ ಕೈಗೆ ಬಲ ಬಂದಿರುತ್ತೆ, ಅಷ್ಟೆ."

ಅವನು ತೋಳಿನ ಪಟ್ಟಿ ಬಿಚ್ಚಿ ಅವಳ ಕೈಗಿಟ್ಟ. ಆಸ್ಪತ್ರೆಗೇನೋ ಹೋಗಿಬಂದ. ನಗುವಿನ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಸಲ ಸೂಜಿ ಅಕ್ಕ ಬಂದಾಗ ಮಿಲ್ಲಿಗೆ ರಜೆ. ಮಗಳು ಹಿಂದಿನ ಕೋಣೆಯಲ್ಲಿ ಹಾಸ್ಟೆಲ್ಲಿಗೆ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಬ್ರೆಡ್ಡಿನ ಅಂಗಡಿಯ ಅಜ್ಜಿ ತನ್ನ ಸೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ನಾನು, ಸುಳ್ಳೇಕೆ, ಒಂದು ಛತ್ರಿ ಹಿಡಿದುಕೊಂಡು ಸುಮ್ಮನೆ ಬಾಗಿಲಲ್ಲಿ ನಿಂತಿದ್ದೆ.

"ಹಲ್ಲಣ್ಣ, ಇದು ತಿನ್ನೋಕೆ ಚೆನ್ನಾಗಿದೆ" ಅಂದಳು ಅಜ್ಜಿ. "ನಾನು ತಿನ್ನೋದು ಒಂದು ಹಿಡಿ. ನನಗೆ ಬೇಕಾಗಿರೋದು ನಗೋಕೆ. ಅಳತೆ ತಗೊಂಡ ದಿನ ನಾನು ನಗ್ಲೇ ಇಲ್ಲಪ್ಪ. ನಿಂಗೆ ಬೇಜಾರಾಗಬಾರ್ದು ಅಂತ ಹಲ್ಲಿಲ್ಲದೆ ಹಲ್ಲು ಕಿರಿದೆ."

ಹಲ್ಲಣ್ಣ ಆ ಸೆಟ್ಟನ್ನು ಕೈಗೆತ್ತಿ ತಿರುಗಿಸಿ ನೋಡಿದ. ಅವನಿಗೆ ಕೆಲಸ ಗೊತ್ತಿಲ್ಲವೇ? ಪ್ರತಿ ಗೆರೆಯೂ ಸುಳ್ಳು ಅಂತ ಎಳೆಯುವಾಗಲೇ ಗೊತ್ತಿತ್ತು. ಹೊಸ ಮೇಣ ಕಾಯಿಸಿ ಅಜ್ಜಿಯ ಬಾಯಲ್ಲಿ ಕೂರಿಸಿದ. ಚಾಕು ಹಿಡಿದ. "ನಗಿ" ಅನ್ನಲು ಹೋದವನು ಚಾಕುವನ್ನು ಬಟ್ಟೆಗೆ ಒರೆಸಿ, ಮತ್ತೆ ಒರೆಸಿದ. ಅಜ್ಜಿ ಮೇಣ ತುಂಬಿದ ಬಾಯಲ್ಲಿ ಕಾಯುತ್ತಾ ಕೂತಳು.

ಆಗ ಹಿಂದಿನ ಕೋಣೆಯಿಂದ ಮಗಳು ಬಂದು ಸ್ಟೂಲಿನ ಮೇಲೆ ಕೂತಳು. ಅಪ್ಪನನ್ನು ನೋಡಲಿಲ್ಲ.

"ಅಜ್ಜಿ, ನಮ್ಮಮ್ಮ ಒಂದು ಕಥೆ ಹೇಳ್ತಿದ್ಲು. ಅಪ್ಪ ಅವಳನ್ನ ಮೊದಲನೇ ಸಲ ನೋಡಿದಾಗ ಮುಖಾನೇ ನೋಡ್ಲಿಲ್ವಂತೆ. 'ಆ ಅನ್ನಿ' ಅಂದ್ರಂತೆ. ಮನೆಗೆ ಹೋಗಿ, ಹುಡುಗಿ ಹೇಗಿದಾಳೋ ಗೊತ್ತಿಲ್ಲ, ದವಡೆ ಮಾತ್ರ ಗಟ್ಟಿ ಅಂದ್ರಂತೆ."

ಅವಳ ದನಿ ನಡುಗುತ್ತಿತ್ತು. ನಡುಗುವ ದನಿಯಲ್ಲಿ ಹೇಳಿದ ನಗೆಮಾತಿಗೆ ಯಾರು ನಗುತ್ತಾರೆ? ಅಜ್ಜಿಯ ತುಟಿ ಒಂದು ಕೂದಲಿನಷ್ಟು ಅಲುಗಿತು, ಅಷ್ಟೆ. ಮಗಳು ತಲೆ ತಗ್ಗಿಸಿದಳು. ಎದ್ದು ಒಳಗೆ ಹೋಗಿಬಿಡುತ್ತಾಳೆ ಅಂದುಕೊಂಡೆ.

"ಅದು ಹಾಗಲ್ಲ" ಅಂದ ಹಲ್ಲಣ್ಣ.

ನಾವೆಲ್ಲ ಅವನ ಕಡೆ ತಿರುಗಿದೆವು. ಅವನು ಚಾಕುವಿನ ತುದಿಯನ್ನೇ ನೋಡುತ್ತಿದ್ದ.

"ಕಣ್ಣು ನೋಡೋಕೆ ಧೈರ್ಯ ಇರ್ಲಿಲ್ಲ. ಅದಕ್ಕೇ ಹಲ್ಲು ಎಣಿಸ್ದೆ. ಗಾಬರೀಲಿ ಲೆಕ್ಕ ತಪ್ಪೋದು, ಮತ್ತೆ ಮೊದಲಿಂದ ಎಣಿಸೋದು. ಅವಳು ಪಾಪ, ಬಾಯಿ ತೆರ್ಕೊಂಡೇ ಕೂತಿದ್ಲು. ಅಷ್ಟರಲ್ಲಿ ಒಂದು ನೊಣ ಒಳಗೆ ಹೋಯ್ತು."

ಅಜ್ಜಿ ಮೇಣದ ಬಾಯಲ್ಲೇ, ಆಮೇಲೇನು ಅಂತ ಹುಬ್ಬೆತ್ತಿದಳು.

"ಆಮೇಲೇನು, ನುಂಗಿದ್ಲು. ನುಂಗಿ, ನನ್ನ ಹಲ್ಲೆಲ್ಲ ಸರಿಯಾಗಿದೆ ತಾನೇ ಅಂತ ಕೇಳಿದ್ಲು. ನಾನು, ಹಲ್ಲು ಸರಿಯಾಗಿವೆ, ಕಾವಲು ಸಾಲದು ಅಂದೆ. ಈ ಭಾಗ ಅವಳು ಯಾರಿಗೂ ಹೇಳ್ತಿರ್ಲಿಲ್ಲ."

ಅಜ್ಜಿ ನಕ್ಕಳು ನೋಡಿ. ನನ್ನ ಅಂಗಡಿಯಲ್ಲಿ ಮಡಚಿಟ್ಟಿದ್ದ ಛತ್ರಿಗಳೆಲ್ಲ ಒಂದೇ ಸಲ ಬಿಚ್ಚಿಕೊಂಡವು. ಸೂಜಿ ಅಕ್ಕ ಬಿಪಿ ಪಟ್ಟಿಯಲ್ಲಿ ಮುಖ ಮುಚ್ಚಿಕೊಂಡಳು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು ಅಪ್ಪನ ಕಡೆ ನೋಡಿದಳು. ಅಪ್ಪನ ಹೆಗಲು ಕುಣಿಯುತ್ತಿತ್ತು. ನಗುವೋ ಅಳುವೋ ಹೇಳಲಾಗದು. ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಬರುತ್ತಿದ್ದವು. ಕೈ ಮಾತ್ರ ಅಭ್ಯಾಸಬಲದಿಂದ ಮೇಣದ ಮೇಲೆ ಗೆರೆ ಎಳೆದಿತ್ತು.

"ಇನ್ನೊಂದು ಸಲ ನಗ್ಬೇಕು ಅಜ್ಜಿ" ಅಂದ ಕಣ್ಣೊರೆಸಿಕೊಂಡು. "ಗೆರೆ ಸೊಟ್ಟ ಆಯ್ತು."

ಎಲ್ಲರೂ ಹೋದ ಮೇಲೆ ಅವನು ಕೋಣೆಯ ಬಾಗಿಲಲ್ಲಿ ನಿಂತು, ಬಟ್ಟೆಯ ಚೀಲ ನೋಡುತ್ತಾ ಮಗಳನ್ನು ಕೇಳಿದ.

"ಅವತ್ತು ನಾನು ಹಾಗನ್ನಬಾರ್ದಿತ್ತು. ಹೋಗ್ಲೇಬೇಕಾ?"

"ಅಲ್ಲಿ ಎಲ್ರಿಗೂ ಹಲ್ಲಿದೆ ಅಪ್ಪ" ಅಂದಳು ಮಗಳು. "ನಂಗೇನು ಕೆಲಸ?"

ಅವಳು ಹೋಗಲಿಲ್ಲ. ಹಲ್ಲಣ್ಣ ಕಳಚಿ ಬೀಳುತ್ತಿದ್ದ ಸೆಟ್ಟುಗಳನ್ನೆಲ್ಲ ವಾಪಸ್ ತರಿಸಿ ಮತ್ತೆ ಕಟ್ಟಿಕೊಟ್ಟ. ಮಿಲ್ಲಿನಿಂದ ಬಂದ ಮಗಳು ಸಂಜೆ ಸ್ಟೂಲಿನ ಮೇಲೆ ಕೂತು ಕಥೆ ಹೇಳುತ್ತಾಳೆ, ಅವನು ನಡುವೆ ಬಾಯಿ ಹಾಕಿ ತಿದ್ದುತ್ತಾನೆ. ಹಾಗಂತ ಅವನ ದುಃಖ ಹಾರಿಹೋಯಿತು ಅಂತ ನಾನು ಹೇಳುವುದಿಲ್ಲ. ಕೆಲವು ಮಧ್ಯಾಹ್ನ ಹಲಗೆಯ ಆಚೆ ಈಗಲೂ ಏನೂ ಕೇಳಿಸುವುದಿಲ್ಲ. ಆ ಮೌನ ಎಂಥದು ಅಂತ ನನಗೆ ಗೊತ್ತು. ಆಗ ನಾನು ಎದ್ದುಹೋಗಿ ಅವನ ಹತ್ತಿರ ಸುಮ್ಮನೆ ಕೂರುತ್ತೇನೆ. ಹೊಟ್ಟೆಗೆ ಅನ್ನ ಹೋಗುತ್ತಿದೆ, ಮನೆಯಲ್ಲಿ ಎರಡು ತಟ್ಟೆ ಒಟ್ಟಿಗೆ ಸದ್ದು ಮಾಡುತ್ತವೆ. ನನಗೆ ಅಷ್ಟು ಸಾಕು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಹಾಗೆ ಬಾಗಿಲು ಎಳೆದುಕೊಂಡವರು ಯಾರಾದರೂ ಇದ್ದೇ ಇರುತ್ತಾರೆ. ನಿಮ್ಮ ಮನೆಯೊಳಗೇ ಇರಬಹುದು, ನೀವೇ ಇರಬಹುದು. ಊಟ ನಿದ್ದೆ ಬಿಟ್ಟವರನ್ನು, ಬದುಕು ಸಾಕು ಅನ್ನುವವರನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದಕ್ಕೆ ನಗೆಮಾತು ಮದ್ದಲ್ಲ. ಆದರೆ ದಾರಿಯಲ್ಲಿ ಒಂದು ಒಳ್ಳೆಯ ನಗೆಮಾತು ಹೇಳಿದರೆ ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ಯಾರ ನೋವನ್ನೂ ಕೆದಕಬೇಡಿ. ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳಿ, ಅದಕ್ಕೆ ಸರಕು ನಮ್ಮೆಲ್ಲರ ಹತ್ತಿರ ಬೇಕಾದಷ್ಟಿದೆ.

ಇನ್ನು, ಛತ್ರಿಗಳು ತಾವಾಗಿ ಬಿಚ್ಚಿಕೊಂಡವು ಅಂದಾಗ ನಿಮ್ಮಲ್ಲಿ ಕೆಲವರು ಮುಸಿಮುಸಿ ನಕ್ಕದ್ದನ್ನು ನಾನು ಗಮನಿಸಿದ್ದೇನೆ. ಸುಳ್ಳು ಅಂದುಕೊಂಡಿರಿ ಅಲ್ಲವೇ? ಸರಿ. ಹಾಗಿದ್ದರೆ ಇದಕ್ಕಿಂತ ದೊಡ್ಡದೊಂದು ಸುಳ್ಳನ್ನು ನೀವು ಕಟ್ಟಬೇಕು. ಕಟ್ಟಿ ನನ್ನ ಹತ್ತಿರ ತರಬೇಡಿ, ಆ ಮುಚ್ಚಿದ ಬಾಗಿಲು ತಟ್ಟಿ ಅಲ್ಲಿ ಹೇಳಬೇಕು. ಅವರು ನಕ್ಕರೆ ನೀವು ಗೆದ್ದಿರಿ. ನಗದಿದ್ದರೆ ನಾಳೆ ಮತ್ತೆ ಹೋಗಬೇಕಾಗುತ್ತದೆ. ತಪ್ಪಿಸಿಕೊಳ್ಳುವ ದಾರಿ ನಾನು ಇಟ್ಟಿಲ್ಲ.