ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಪಟ

ದೊಡ್ಡ ಗಾಳಿಪಟ ಎಳೆದುಕೊಂಡು ಹೋಗುವ ಮೂರು ಗಾಲಿಯ ಬಂಡಿಯಲ್ಲಿ ಕೂತು ಮರಳಿನ ಮೇಲೆ ಓಡಬೇಕೆಂಬ ಆಸೆ ತನಗಿದೆ ಎಂದು ತಾಯಿ ಹೇಳಿದಾಗ, ಮಗಳ ಬಾಯಲ್ಲಿದ್ದ ಬ್ರೆಡ್ಡು ಬಾಯಲ್ಲೇ ಉಳಿಯಿತು. ಅಗಿಯಲೂ ಇಲ್ಲ, ನುಂಗಲೂ ಇಲ್ಲ.

"ಇಂಜಿನ್ ಇಲ್ಲ, ಕೀ ಇಲ್ಲ, ಲೈಸೆನ್ಸೂ ಬೇಡ," ಎಂದಳು ತಾಯಿ, ಲೋಟ ತೊಳೆಯುತ್ತ. "ನೀನು ಕಿತ್ಕೊಂಡು ಬೀರುವಲ್ಲಿ ಇಡೋಕೆ ಅದರಲ್ಲಿ ಏನೂ ಇಲ್ಲ ಕಣೇ."

ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ತಾಯಿ ಊರಿನ ಬಸ್ಸು ಓಡಿಸುತ್ತಿದ್ದವಳು. ತಲೆಗೂದಲು ಕಪ್ಪಿದ್ದಾಗ ಸ್ಟಿಯರಿಂಗ್ ಹಿಡಿದವಳು ಪೂರ್ತಿ ಬೆಳ್ಳಗಾದ ಮೇಲೇ ಕೆಳಗಿಳಿದಿದ್ದು. ನಿವೃತ್ತಿಯಾದ ಮೇಲೆ ಮನೆಯ ಕಾರು ಓಡಿಸುತ್ತಿದ್ದಳು. ಒಂದು ದಿನ ಕಾರು ಗೇಟಿನ ಕಂಬಕ್ಕೆ ಸ್ವಲ್ಪ ಉಜ್ಜಿಕೊಂಡಿತು. ಬಾಗಿಲ ಮೇಲೆ ಗೀರು ಬಿತ್ತು, ಅಷ್ಟೇ. ಮಗಳಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. "ಗಾಡಿ ಬಿಡೋದು ಬಿಟ್ಟುಬಿಡಮ್ಮ" ಎಂದು ಕೀ ತೆಗೆದಿಟ್ಟುಕೊಂಡಳು. ತಾಯಿ ವಾದ ಮಾಡಲಿಲ್ಲ. ಭಾನುವಾರ ಭಾನುವಾರ ಕಾರನ್ನು ತೊಳೆದು, ಕನ್ನಡಿ ಒರೆಸಿ, ತನ್ನ ಕಣ್ಣಿಗೆ ಸರಿಯಾಗಿ ತಿರುಗಿಸಿಟ್ಟು ಒಳಗೆ ಬರುತ್ತಿದ್ದಳು. ಮಗಳು ಸೋಮವಾರ ಅದನ್ನು ತನ್ನ ಕಣ್ಣಿಗೆ ತಿರುಗಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಮಗಳ ಭಯಕ್ಕೂ ಕಾರಣವಿತ್ತು ಅನ್ನಿ. ಅವಳ ಕೆಲಸ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮುರಿದ ಕೈಕಾಲಿಗೆ ಪಟ್ಟಿ ಸುತ್ತಿ ಸುತ್ತಿ ಅವಳ ಕಣ್ಣೇ ಬದಲಾಗಿಹೋಗಿತ್ತು. ಮೆಟ್ಟಿಲು ಕಂಡರೆ ಸೊಂಟ ನೆನಪಾಗುತ್ತಿತ್ತು, ಒದ್ದೆ ನೆಲ ಕಂಡರೆ ಮಣಿಕಟ್ಟು. ತನಗೆ ಈ ಲೋಕದಲ್ಲಿ ಇರುವುದು ಒಬ್ಬಳೇ ತಾಯಿ, ಆ ತಾಯಿಯ ಮೂಳೆಗೂ ವಯಸ್ಸಾಗಿದೆ. ಅವಳನ್ನು ಇಡಿಯಾಗಿ ಉಳಿಸಿಕೊಳ್ಳಬೇಕು, ಅದೊಂದೇ ಅವಳ ಹಟ. ಬಂಡಿಯ ಆಸೆಯನ್ನು ಬಿಡಿಸಲು ಆಗಲಿಲ್ಲ. ಹಾಗಾಗಿ ಇರುವುದರಲ್ಲೇ ಸಾಧುವಾದ ಪಟ ಆರಿಸೋಣವೆಂದು ತಾಯಿಯ ಹಿಂದೆಯೇ ಅಂಗಡಿಗೆ ಹೋದಳು.

ಅಂಗಡಿಯವನು ಗಡ್ಡದ ಮನುಷ್ಯ. ಭಾನುವಾರಗಳಲ್ಲಿ ಹೊಸಬರನ್ನು ಸಮುದ್ರದಂಡೆಯ ಬಯಲಿಗೆ ಕರೆದೊಯ್ದು ಕಲಿಸುವವನೂ ಅವನೇ. ಗೋಡೆಗೆ ತೂಗುಹಾಕಿದ್ದ ಉದ್ದ ಸಪೂರ ಪಟವೊಂದರ ಮುಂದೆ ತಾಯಿ ನಿಂತಿದ್ದನ್ನು ನೋಡಿ ನಕ್ಕ.

"ಅದು ಬೇಡಮ್ಮ. ಗಾಳಿ ಒಂದೇ ಸಮ ಬೀಸಿದ್ರೆ ಅದು ಚಿನ್ನ. ನಮ್ಮ ಬಯಲಿನ ಗಾಳಿ ಹಾಗಲ್ಲ, ಬಿಟ್ಟು ಬಿಟ್ಟು ಬೀಸುತ್ತೆ. ಗಾಳಿ ನಿಂತ ತಕ್ಷಣ ಅದು ಮಡಚ್ಕೊಂಡು ಬೀಳುತ್ತೆ. ಮತ್ತೆ ಬೀಸಿದಾಗ ಪಟ್ ಅಂತ ಬಿಚ್ಚಿಕೊಳ್ಳುತ್ತೆ. ಆಗ ಅದು ಎಳೆಯೋ ಎಳೆತಕ್ಕೆ ತೋಳು ಕಿತ್ತು ಬರಬೇಕು."

ಮಗಳು ತಾಯಿಯನ್ನು ಆ ಪಟದ ಮುಂದಿನಿಂದ ಹಿಂದಕ್ಕೆ ಎಳೆದುಕೊಂಡಳು. ಕಿತ್ತು ಬಂದ ತೋಳುಗಳನ್ನು ಅವಳು ನೋಡಿದ್ದಳು.

ಅವನು ಒಳಗಿನಿಂದ ಇನ್ನೊಂದು ಪಟ ತಂದು ನೆಲದ ಮೇಲೆ ಹರಡಿದ. ಮೋಟು, ಅಗಲ, ನೋಡಲು ದಿಂಬಿನ ಹಾಗೆ. "ಇದು ನಿಧಾನ. ಗಾಳಿ ನಿಂತ್ರೂ ಗಾಬರಿ ಆಗಲ್ಲ, ಬಂದ್ರೂ ಹಾರಾಡಲ್ಲ. ನೀವು ತಪ್ಪು ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ."

"ಹಾಗಾದ್ರೆ ನನ್ನ ಮಗಳಿಗಿಂತ ವಾಸಿ," ಎಂದಳು ತಾಯಿ.

ಅದರಲ್ಲೇ ದೊಡ್ಡದು, ಸಣ್ಣದು ಇದ್ದವು. ತಾಯಿಯ ಕಣ್ಣು ದೊಡ್ಡದರ ಮೇಲೆ, ಮಗಳ ಕೈ ಸಣ್ಣದರ ಮೇಲೆ. ಹೊಡೆತದ ಗಾಳಿಗೆ ಸಣ್ಣದೇ ಸರಿ ಎಂದು ಅಂಗಡಿಯವನು ಮಗಳ ಪಕ್ಷ ವಹಿಸಿದ. ಎರಡೂ ಕೈಗೆ ಒಂದೊಂದು ಹಿಡಿ, ಹಿಡಿಯಿಂದ ಮಣಿಕಟ್ಟಿಗೆ ಒಂದೊಂದು ಪಟ್ಟಿ. ಆ ಪಟ್ಟಿಯನ್ನು ತೋರಿಸಿ ಅವನು ನಿಧಾನವಾಗಿ ಹೇಳಿದ: "ಹೆದರಿಕೆ ಆದ್ರೆ ಎರಡೂ ಹಿಡಿಗಳನ್ನ ಕೈಯಿಂದ ಬಿಟ್ಟುಬಿಡಿ. ಅಷ್ಟೇ. ಈ ಪಟ್ಟಿ ಪಟದ ಹಿಂದಿನ ದಾರ ಎಳೆದು ಅದನ್ನ ಕೆಳಗೆ ಬೀಳಿಸುತ್ತೆ. ಹಿಡ್ಕೊಂಡೇ ಇದ್ರೆ ಮಾತ್ರ ಯಾವ ಪಟಕ್ಕೂ ನಿಮ್ಮನ್ನ ಉಳಿಸೋಕಾಗಲ್ಲ."

ಮಗಳು ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಏನಾದರೂ ಆದರೆ 'ಬಿಡು' ಅನ್ನಬೇಕು.

ಭಾನುವಾರ ಬಯಲಿಗೆ ಮಗಳೇ ಕಾರು ಓಡಿಸಿದಳು. ಸಮುದ್ರ ಇಳಿದು ಗಟ್ಟಿಯಾಗಿದ್ದ ಮರಳು, ಒಂದು ತುದಿಯಲ್ಲಿ ಯಾರೋ ರಾಶಿ ಹಾಕಿದ್ದ ಸಿಮೆಂಟ್ ಕೊಳವೆಗಳು. ಅವು ದೂರ ಇದ್ದವು, ಅಂಗಡಿಯವನೂ ಹಾಗೇ ಅಂದ. ತಾಯಿ ಹೆಲ್ಮೆಟ್ ಹಾಕಿ, ಮೊಣಕಾಲಿಗೆ ದಪ್ಪ ಕವಚ ಕಟ್ಟಿಕೊಂಡು ಮೊದಲು ನಿಂತೇ ಪಟ ಹಾರಿಸಿದಳು. ಮೋಟು ಪಟ ಹೇಳಿದ ಮಾತು ಕೇಳಿತು. ಅವಳ ಮುಖದ ಮೇಲಿದ್ದ ನಗು ನೋಡಿ ಮಗಳು ದಂಗಾದಳು. ಆ ನಗುವನ್ನು ಮನೆಯಲ್ಲಿ ನೋಡಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲೂ ಅವಳಿಗೆ ಹೆದರಿಕೆಯಾಯಿತು.

ಆಮೇಲೆ ತಾಯಿ ಅಂಗಡಿಯವನು ತಂದಿದ್ದ ಬಂಡಿಯಲ್ಲಿ ಕೂತು, ಮುಂದಿನ ಗಾಲಿಯ ಎರಡೂ ಕಡೆ ಪಾದ ಇಟ್ಟಳು. ಕಾಲಿನಿಂದ ತಿರುಗಿಸುವುದು, ಕೈಯಿಂದ ಗಾಳಿ ಹಿಡಿಯುವುದು. ಒಂದು ಸುತ್ತು ಹೋದಳು, ಬಂದಳು. ಎರಡನೇ ಸುತ್ತಿಗೆ ಅವಳು ಹೊರಟಾಗ ಅಂಗಡಿಯವನು ಇನ್ನೊಬ್ಬರ ದಾರದ ಸಿಕ್ಕು ಬಿಡಿಸಲು ಆಚೆ ಹೋಗಿದ್ದ.

ಆಗ ಗಾಳಿ ಬಂತು. ಎಚ್ಚರಿಕೆ ಇಲ್ಲದೆ, ಯಾರೋ ಬಾಗಿಲು ಒದ್ದು ಒಳಗೆ ನುಗ್ಗಿದಂತೆ ಬಂತು. ಮಗಳ ದುಪಟ್ಟಾ ಅವಳ ಮುಖಕ್ಕೇ ಸುತ್ತಿಕೊಂಡಿತು. ಅದನ್ನು ಕಿತ್ತು ನೋಡುವಷ್ಟರಲ್ಲಿ ಬಂಡಿ ಕೊಳವೆಗಳ ಕಡೆಗೆ ಓಡುತ್ತಿತ್ತು.

"ಅಮ್ಮ, ಬಿಡು," ಎಂದು ಮಗಳು ಕೂಗಿದಳು.

ತಾಯಿ ಕೇಳಿಸಿಕೊಂಡಳು. ತಲೆ ಆಡಿಸಿದಳು ಕೂಡ. ಆಮೇಲೆ ಎರಡೂ ಹಿಡಿಗಳನ್ನು ಎದೆಗೆಳೆದುಕೊಂಡು ಪಟವನ್ನು ಗಾಳಿಯ ನಡುಮಧ್ಯಕ್ಕೆ ತಂದಳು. ಬಂಡಿಯ ವೇಗ ಹೆಚ್ಚಿತು.

ಮಗಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. "ಬಿಡು, ಬಿಡು," ಎಂದು ಕಿರುಚಿದಳು. ಬಂಡಿ ಇನ್ನೂ ಜೋರಾಗಿ ಹೋಯಿತು. ಆಗ ಅವಳಿಗೆ ಸಿಡಿಲು ಬಡಿದಂತೆ ಅರ್ಥವಾಯಿತು. ಬದುಕಿಡೀ ತಾಯಿಯ ಬೆನ್ನ ಹಿಂದಿನಿಂದ ಕಂಡಕ್ಟರು ಕೂಗಿದ್ದು ಅದನ್ನೇ. ಜನ ಹತ್ತಿದರು, ಬಾಗಿಲು ಹಾಕಿದೆ, ಬಿಡು. ಗಾಡಿ ಬಿಡು ಅಂದರೆ ಓಡಿಸು. ಪಟ ಬಿಡು ಅಂದರೂ ಹಾರಿಸು. ತನ್ನ ತಾಯಿಯನ್ನು ತಾನೇ ಕೂಗಿ ಕೂಗಿ ಸಿಮೆಂಟಿನ ಬಾಯಿಗೆ ಕಳಿಸುತ್ತಿದ್ದಳು.

ಓಡಿದಳು. ಯಾವುದೋ ಗಾಡಿಯ ಹಳೆ ಜಾಡಿಗೆ ಕಾಲು ಸಿಕ್ಕಿ ಮುಗ್ಗರಿಸಿ, ಬಲಗೈ ಊರಿ ಬಿದ್ದಳು. ಬಾಯಿಗೆ ಮರಳು ತುಂಬಿತು. ಸರಿಯಾದ ಮಾತಿಗಾಗಿ ತಲೆಯೆಲ್ಲ ತಡಕಾಡಿದಳು. ಚಿಕ್ಕವಳಿದ್ದಾಗ ರಜೆಯ ದಿನಗಳಲ್ಲಿ ತಾಯಿಯ ಸೀಟಿನ ಹಿಂದೆಯೇ ಕೂತು ದಿನವಿಡೀ ಸುತ್ತುತ್ತಿದ್ದವಳು ಅವಳು. ಆ ಬಸ್ಸಿನೊಳಗಿನ ಕೂಗೊಂದು ತಾನಾಗಿಯೇ ಹೊರಬಂತು.

"ಇಳಿಯೋರಿದ್ದಾರೆ!"

ದೂರದಲ್ಲಿ ತಾಯಿಯ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು. ಎಡಗೈ ಹಿಡಿಯನ್ನು ಬಿಟ್ಟು ಇಲ್ಲದ ಗೇರಿಗೆ ಹೋಯಿತು, ಬಲಗೈಯೂ ಸಡಿಲವಾಯಿತು. ಪಟ ಒಂದು ಸಲ ಹಿಂದಕ್ಕೆ ಮಗುಚಿ, ಸುಮ್ಮನೆ ಮರಳಿನ ಮೇಲೆ ಮಲಗಿತು. ಬಂಡಿ ಅಡ್ಡ ತಿರುಗಿ ನಿಂತಾಗ ಅದರ ಹಿಂದಿನ ಗಾಲಿ ಕೊಳವೆಗೆ ತಾಗಿಕೊಂಡಿತ್ತು.

ತಾಯಿ ಇಳಿದು, ಮಣಿಕಟ್ಟಿನಿಂದ ಹಿಡಿಗಳನ್ನು ಬಿಚ್ಚಿಹಾಕಿ, ಹೆಲ್ಮೆಟ್ ಓರೆಯಾಗಿದ್ದ ಹಾಗೇ ನಡೆದು ಬಂದಳು. ಮಗಳು ಮರಳಿನಲ್ಲಿ ಕೂತೇ ಇದ್ದಳು. ಅಂಗಡಿಯವನೂ ಓಡಿ ಬಂದು ಏದುಸಿರು ಬಿಡುತ್ತ ನಿಂತ.

"ಯಾರೇ ಇಳಿಯೋರು?" ಎಂದಳು ತಾಯಿ.

"ಬಿಡು ಅಂದೆನಲ್ಲಮ್ಮ."

"ಬಿಟ್ಟೆನಲ್ಲ. ಕೊಳವೆ ಬರೋಕೆ ಮುಂಚೆ ತಿರುಗಿಸ್ಕೊಳ್ಳೋಣ ಅಂತಿದ್ದೆ. ನೀನೇ ಬಿಡು ಅಂದಾಗ..." ತಾಯಿ ಅಲ್ಲಿಗೆ ನಿಲ್ಲಿಸಿದಳು. "ನೀನು ಓಡಿಸು ಅಂತಿದೀಯ ಅಂದ್ಕೊಂಡೆ. ಖುಷಿಯಾಯ್ತು, ಬಿಟ್ಟೆ."

ಮಗಳು ಕಣ್ಣೀರು ಒರೆಸಿಕೊಳ್ಳಲು ಬಲಗೈ ಎತ್ತಹೋದಳು. ಕೈ ಬರಲಿಲ್ಲ.

"ಇದೇನೇ ಇದು, ನಿನ್ನ ಕೈ," ಎಂದಳು ತಾಯಿ.

ಮಗಳು ನೋಡಿದಳು. ಬೋರಲು ಹಾಕಿದ ಫೋರ್ಕಿನಂತೆ ಸೊಟ್ಟಗಾದ ಮಣಿಕಟ್ಟು. ಇಂಥದ್ದನ್ನು ಅವಳು ಎಷ್ಟು ಜನರ ತೋಳಿನಲ್ಲಿ ನೋಡಿ, 'ಬಿದ್ದಾಗ ಕೈ ಊರಿದ್ರಾ' ಎಂದು ಕೇಳಿ, ಪಟ್ಟಿ ಸುತ್ತಿ ಕಳಿಸಿದ್ದಳೋ. ಅದು ಈಗ ತನ್ನ ತೋಳಿನ ತುದಿಯಲ್ಲಿತ್ತು. ತಾಯಿಯ ಮೈ ಮೇಲೆ ಒಂದು ತರಚುಗಾಯವೂ ಇರಲಿಲ್ಲ. ನೋವು ಆಮೇಲೆ ಬಂತು.

"ಏಳಿ ಮೇಡಂ, ಆಸ್ಪತ್ರೆಗೆ ನಾನು ಬಿಡ್ತೀನಿ," ಎಂದ ಅಂಗಡಿಯವನು. "ನನ್ನ ವ್ಯಾನ್ ಇಲ್ಲೇ ಇದೆ."

ಮಗಳು ಎಡಗೈಯನ್ನು ತಿರುಚಿ, ಬಲಗಡೆಯ ಜೇಬಿನಿಂದ ಕಾರಿನ ಕೀ ತೆಗೆಯಲು ಒದ್ದಾಡಿದಳು. ತಾಯಿ ಸಹಾಯಕ್ಕೆ ಬಗ್ಗಿದಳು. ಕೀ ಹೊರಗೆ ಬಂದಾಗ ಅದನ್ನು ಮತ್ತೆ ಮಗಳ ಕೈಗೇ ಕೊಡಲು ಹೋದಳು, ಅಷ್ಟು ಅಭ್ಯಾಸವಾಗಿತ್ತು. ಮಗಳು ತೆಗೆದುಕೊಳ್ಳಲಿಲ್ಲ.

"ಬೇಡ," ಎಂದಳು ಅಂಗಡಿಯವನಿಗೆ. "ಅಮ್ಮ ಬಿಡ್ತಾಳೆ."

ತಾಯಿ ಒಮ್ಮೆ ಕೀಯನ್ನು, ಒಮ್ಮೆ ಮಗಳನ್ನು ನೋಡಿ, ಹೆಲ್ಮೆಟ್ ಕಳಚಿ ಮಗಳನ್ನು ಎಬ್ಬಿಸಿದಳು. ಕಾರಿನಲ್ಲಿ ಮಗಳನ್ನು ಕೂರಿಸಿ, ಮುರಿದ ಕೈಯ ಅಡಿಗೆ, ಅಂಗಡಿಯವನು ಸುತ್ತಿ ತಂದುಕೊಟ್ಟ ಮೋಟು ಪಟವನ್ನೇ ಮಡಚಿ ದಿಂಬು ಮಾಡಿಟ್ಟಳು. ತನ್ನ ಸೀಟಿನಲ್ಲಿ ಕೂತು ಕನ್ನಡಿ ತಿರುಗಿಸಿಕೊಂಡಳು. ಇಂಜಿನ್ ಶುರುವಾಯಿತು, ಕಾರು ಮಾತ್ರ ಅಲುಗಲಿಲ್ಲ. ತಾಯಿ ಮುಂದೆ ನೋಡುತ್ತ ಕಾಯುತ್ತಿದ್ದಳು.

ಏನಕ್ಕೆ ಕಾಯುತ್ತಿದ್ದಾಳೆಂದು ಮಗಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬಿಡಮ್ಮ," ಎಂದಳು.

ತಾಯಿ ಗೇರು ಹಾಕಿದಳು.