ಹಾಡು ಬರಬೇಕಿದ್ದ ಜಾಗ

ಪಾಯಕುಂಬುಹ್ ಪೇಟೆಯ ಬದಿಯ ಆ ಹಳ್ಳಿಯಲ್ಲಿ ಈ ಕತೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಗಂಡಸರು ಹೇಳಿದರೆ ಅದು ಫೋನಿನಿಂದ ಆರಂಭವಾಗುತ್ತದೆ. ಹೆಂಗಸರು ಹೇಳಿದರೆ ಕಾಫಿ ಅಂಗಡಿಯಿಂದ. ಇಲ್ಲಿ ಕೊಟ್ಟಿರುವುದು ಹೆಚ್ಚಾಗಿ ಹೆಂಗಸರು ಹೇಳುವ ಬಗೆ.

ಕುಲದ ಹಿರಿಯರಾದ ಡಾತುಕ್ ಹಾಫ್ನಿಲರಿಗೆ ಇಬ್ಬರು ತಂಗಿಯರು. ತಾಯಿಯಿಂದ ಬಂದ ಮನೆಯಲ್ಲಿ ಇಬ್ಬರ ಸಂಸಾರವೂ ಇತ್ತು. ಹಿರಿಯವಳ ಮಗ ದಸ್ರಿಲ್, ಕಿರಿಯವಳ ಮಗಳು ಯೆಲ್ಮಿ. ಇಬ್ಬರದೂ ಒಂದೇ ತರಗತಿ. ಮಕ್ಕಳು ದಾರಿ ತಪ್ಪಿದರೆ ಊರು ಕೇಳುವುದು ತಂದೆಯನ್ನಲ್ಲ, ಸೋದರಮಾವನನ್ನು. ಶಾಲೆಯಲ್ಲಿ ರಂದೈ ಎಂಬ ಹಾಡು-ಕುಣಿತದ ಮೇಳವಿತ್ತು; ದಸ್ರಿಲನೂ ಸೇರಿ ಹುಡುಗರು ವೃತ್ತವಾಗಿ ನಿಂತು, ಅಗಲವಾದ ಷರಾಯಿಯ ಬಟ್ಟೆಗೆ ಬಡಿದು ತಾಳ ಹಾಕುತ್ತಿದ್ದರು. ಬಡಿತ ನಿಂತೊಡನೆ ಕತೆಯನ್ನು ಹಾಡಿ ಮುಂದೆ ನಡೆಸುವವಳು ಯೆಲ್ಮಿ. ಅವಳ ದನಿಗಾಗಿಯೇ ಪಕ್ಕದ ಊರುಗಳಿಂದ ಜನ ಬರುತ್ತಿದ್ದರು.

ಆ ವರ್ಷ ದಸ್ರಿಲನ ಫೋನಿನಲ್ಲಿ ದಪ್ಪ ಕತ್ತಿನವನೊಬ್ಬ ಕಾರಿನಲ್ಲಿ ಕುಳಿತು, ಹೆಂಗಸರನ್ನು ಅಂಕೆಯಲ್ಲಿಡುವುದು ಹೇಗೆಂದು ಬೋಧಿಸುತ್ತಿದ್ದ. ಊಟದ ಹೊತ್ತಿನಲ್ಲಿ ದಸ್ರಿಲ್ ಒಮ್ಮೆ, "ಮನೆಗೆ ಯಜಮಾನ ಅಂದ್ರೆ ಗಂಡ್ಸೇ ಕಣಮ್ಮಾ" ಅಂದ.

"ಹೌದಾ ಯಜಮಾನ್ರೇ? ಹಾಗಾದ್ರೆ ಎದ್ದು ನಿಮ್ಮನೆಗೆ ನಡೀರಿ. ಇದು ನಮ್ಮಮ್ಮಂದು" ಅಂದಳು ತಾಯಿ.

ಎಲ್ಲರೂ ನಕ್ಕರು. ದಸ್ರಿಲ್ ನಗಲಿಲ್ಲ.

ಶಾಲೆಯಲ್ಲಿ ಅವನ ಮಾತಿಗೆ ಬೆಲೆ ಸಿಕ್ಕಿತು. ಹುಡುಗಿ ಉತ್ತರ ಹೇಳಲು ಎದ್ದರೆ ಹಿಂದಿನ ಬೆಂಚು ಬೆಕ್ಕಿನಂತೆ ಕೂಗುತ್ತಿತ್ತು. ಗದರಿದರೆ, "ಟೀಚರ್, ಮನೇಲಿ ಅನ್ನ ಸೀಯ್ತಿದೆ" ಎಂಬ ಪಿಸುಮಾತು. ಕೊನೆಗೆ ಅಧ್ಯಾಪಕಿ ಗುಸ್ನೆತಿ, ಡಾತುಕ್ ದಿನವೂ ಕೂರುವ, ಹೆಂಗಸರು ಕಾಲಿಡದ ಆ ಕಾಫಿ ಅಂಗಡಿಗೇ ನಡೆದರು.

"ಏನ್ ಟೀಚರಮ್ಮಾ, ದಾರಿ ತಪ್ಪಿತಾ?" ಎಂದು ಡಾತುಕರ ಗೆಳೆಯ ವಿರ್ಮಾನ್ ಕೆಣಕಿದ.

"ತಪ್ಪಿರೋದು ಡಾತುಕ್ ಅವರ ಸೋದರಳಿಯ" ಎಂದು ಗುಸ್ನೆತಿ ನಡೆದುದನ್ನೆಲ್ಲ ಹೇಳಿದರು.

ಡಾತುಕ್ ನಕ್ಕುಬಿಟ್ಟರು. "ಅಷ್ಟೇನಾ? ಈ ವಿರ್ಮಾನ್ ದಿನಾ ನನ್ನ ಬೋಳುತಲೆ ಆಡ್ಕೊಂಡೇ ಕಾಫಿ ಕುಡಿಯೋದು. ಚುಚ್ಚಿ ಮಾತಾಡೋಕೆ ಬರದಿರೋ ಗಂಡು ನಾಳೆ ಸಭೇಲಿ ಏನ್ ಮಾತಾಡ್ತಾನೆ? ಹುಡುಗನ ನಾಲಿಗೆ ಹರಿತ ಆಗ್ತಿದೆ, ಬಿಡಿ."

"ಆ ತಲೇಲೇ ಮುಖ ನೋಡ್ಕೊಂಡು ಕ್ಷೌರಾನೂ ಮಾಡ್ಕೋತೀನಿ" ಅಂದ ವಿರ್ಮಾನ್. ಅಂಗಡಿಯೆಲ್ಲ ನಗು.

"ಇಲ್ಲಿ ಚುಚ್ಚಿಸ್ಕೊಳ್ಳೋರು ಎದುರಿಗೇ ಕೂತಿರ್ತಾರೆ ಡಾತುಕ್, ಅವ್ರಿಗೂ ಬಾಯಿರುತ್ತೆ. ಕ್ಲಾಸಲ್ಲಿ ಹುಡುಗೀರನ್ನ ಬಾಯಿ ತೆಗೆಯೋಕೇ ಬಿಡಲ್ಲ."

ಡಾತುಕ್ ಕಾಫಿ ಎಲೆಯ ಕಷಾಯ ತುಂಬಿದ ತೆಂಗಿನ ಚಿಪ್ಪನ್ನು ಅವರತ್ತ ಸರಿಸಿ, "ಕುಡೀರಿ, ಆರೋಗುತ್ತೆ" ಅಂದರು. ಗುಸ್ನೆತಿ ಕುಡಿಯದೆ ಹೋದರು. ಗಂಡಸಿನ ತೂಕವನ್ನು ಅವನ ಮಾತಿನಿಂದಲೇ ಅಳೆಯುವ ಊರು ಅದು. ಡಾತುಕ್ ಅಳಿಯನ ನಾಲಿಗೆಯನ್ನು ತೂಗಿದರು; ಅದು ಕೊಯ್ಯುವುದು ಯಾರನ್ನು ಎಂದು ಕೇಳಲಿಲ್ಲ.

ಕೆಲವು ದಿನಗಳ ಬಳಿಕ ಯೆಲ್ಮಿ ಮನೆಯ ಮೆಟ್ಟಿಲ ಮೇಲೆ ಕುಳಿತು ಹಾಡು ಕಲಿಯುತ್ತಿದ್ದಾಗ ದಸ್ರಿಲ್ ಅದನ್ನು ಫೋನಿನಲ್ಲಿ ಹಿಡಿದ. ಅವಳ ದನಿಯನ್ನು ತೆಗೆದು ನಾಯಿಯ ಬೊಗಳಿಕೆಯನ್ನು ಸೇರಿಸಿದ, ಕೊನೆಯಲ್ಲಿ ಕಾರಿನವನ ಮಾತು: "ಇವರ ಬಾಯಿ ಮುಚ್ಚಿಸೋದನ್ನ ಕಲೀರಿ." ಅದು ಊರೂರಿಗೂ ಹರಿಯಿತು. ಸಂತೆಯಲ್ಲಿ ಯೆಲ್ಮಿ ಹಾದುಹೋದರೆ ಗುರುತಿಲ್ಲದ ಹುಡುಗರೂ ಬೊಗಳಿದರು. ಅವಳು ಹಾಡುವುದನ್ನು ನಿಲ್ಲಿಸಿದಳು.

ಡಾತುಕ್ ಅದನ್ನು ಕಂಡದ್ದು ಅದೇ ಅಂಗಡಿಯಲ್ಲಿ, ವಿರ್ಮಾನನ ಫೋನಿನಲ್ಲಿ. ಬೊಗಳಿಕೆ ಕೇಳಿ ನಕ್ಕವರಲ್ಲಿ ಅವರೂ ಒಬ್ಬರು. ಅವರು ಮೊದಲು ಗುರುತಿಸಿದ್ದು ತಾಯಿಯ ಮನೆಯ ಮೆಟ್ಟಿಲನ್ನು, ಮುಖವನ್ನು ಆಮೇಲೆ.

ಅಂದೇ ಮಕ್ಕಳಿಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ರಾಜಿಗೆಂದು ವೀಳ್ಯದ ತಟ್ಟೆ ಇಟ್ಟರು.

"ಅದರಲ್ಲಿ ಹೇಳ್ಸಿದ್ದನ್ನ ಈಗ ಇವಳ ಮುಖ ನೋಡ್ಕೊಂಡು ಹೇಳೋ."

"ತಮಾಷೆಗೆ ಮಾಮ... ಎಲ್ರೂ ಮಾಡ್ತಾರೆ."

"ಹೇಳೋ!"

ದಸ್ರಿಲ್ ತಟ್ಟೆಯನ್ನು ಅವಳತ್ತ ಸರಿಸಿದ. "ತಪ್ಪಾಯ್ತು ಕಣೇ ಯೆಲ್ಮಿ."

ಅವಳು ಅವನತ್ತ ತಿರುಗಲೇ ಇಲ್ಲ. "ಮಾಮ, ಟೀಚರ್ ಬಂದಾಗ ನೀವು ನಕ್ರಂತೆ. ಹೌದಾ?"

ಮೂರು ಕುಲಗಳ ಜಗಳವನ್ನು ಮಾತಿನಲ್ಲೇ ಬಿಡಿಸಿದ್ದ ಡಾತುಕ್ ತಟ್ಟೆಯ ಎಲೆಗಳನ್ನು ಮತ್ತೆ ಜೋಡಿಸತೊಡಗಿದರು. ವೀಳ್ಯವನ್ನು ಅವಳ ತಾಯಿ ತೆಗೆದುಕೊಂಡಳು, ಯೆಲ್ಮಿ ಮುಟ್ಟಲಿಲ್ಲ. ಆ ತಿಂಗಳೇ ಅವಳು ದೂರದ ಪೆಕನ್‌ಬಾರುವಿನ ಸೋದರತ್ತೆಯ ಮನೆಗೆ ಹೊರಟುಹೋದಳು. ಅಲ್ಲಿಯೂ ಹಾಡುವುದಿಲ್ಲವೆಂದು ಅತ್ತೆ ಹೇಳಿ ಕಳಿಸಿದರು.

ಈಗ ವಾರಕ್ಕೊಂದು ಸಂಜೆ ಡಾತುಕ್ ಮತ್ತು ಗುಸ್ನೆತಿ ಹುಡುಗರನ್ನು ಪ್ರಾರ್ಥನಾಮಂದಿರದ ಜಗಲಿಯಲ್ಲಿ ಕೂರಿಸುತ್ತಾರೆ. ಅಂಥದೊಂದು ವಿಡಿಯೊ ಹಾಕಿ, ನಡುವೆ ನಿಲ್ಲಿಸಿ, "ಅವಳು ಇಲ್ಲೇ ಕೂತಿದ್ದಿದ್ರೆ ಏನಂತಿದ್ಲು? ಹೇಳ್ರೋ" ಎಂದು ಡಾತುಕ್ ಕೇಳುತ್ತಾರೆ. ಮೊದಮೊದಲು ಕಿಸಿಕಿಸಿ ನಗು, ಬರಬರುತ್ತ ಉತ್ತರ. ಗಂಡಸರು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ.

ಹೆಂಗಸರು ಇನ್ನಷ್ಟು ಹೇಳುತ್ತಾರೆ. ಆ ವರ್ಷದ ಕೊನೆಗೆ ಮೇಳ ಅಂಗಳಕ್ಕಿಳಿದಾಗ ಬೇರೆ ಯಾವ ಹುಡುಗಿಯೂ ಹಾಡಲು ಒಪ್ಪಲಿಲ್ಲ. ವೃತ್ತ ತಿರುಗಿತು. ಹಾಡು ಬರಬೇಕಿದ್ದ ಜಾಗದಲ್ಲಿ ದಸ್ರಿಲ್ ರೂಢಿಯಂತೆ ಷರಾಯಿಗೆ ಬಡಿದು ನಿಂತ. ಹಾಡು ಬರಲಿಲ್ಲ. ಮತ್ತೊಮ್ಮೆ ಬಡಿದ.