ಗುಲಾಬಿ ಬಣ್ಣದ ಇನ್‌ಸ್ಪೆಕ್ಟರು

ಹುರುಳಿ ಬೇಯುವ ವಾಸನೆ ಎಲ್ಲಿಂದ ಬಂದರೂ ನನಗೆ ನಗು ಬರುತ್ತದೆ. ಮಹಾರಾಜರ ಕಾಲದ ಒಂದು ಮಧ್ಯಾಹ್ನ, ನಮ್ಮ ಒಲೆಯ ಮೇಲೆ ಹುರುಳಿ ಬೇಯುತ್ತಿದ್ದಾಗ, ತಲೆಯಿಂದ ಕಾಲಿನವರೆಗೆ ಗುಲಾಬಿಯಾಗಿ ನಿಂತ ಒಬ್ಬ ಮನುಷ್ಯ ನೆನಪಾಗುತ್ತಾನೆ.

ನನಗಾಗ ಎಂಟು ವರ್ಷ. ಮದಲೂರು ಕೆರೆಯ ಆಚೆ ನಮ್ಮ ಹಟ್ಟಿ. ಪಕ್ಕದ ಊರಿನಲ್ಲಿ ವಾಂತಿಭೇದಿಗೆ ನಾಲ್ವರು ತೀರಿಕೊಂಡಿದ್ದರು. ಜನ ಸೇರಬಾರದೆಂದು ನಮ್ಮ ಹಿರಿಯರು ಆ ವರ್ಷದ ಓಕುಳಿಯನ್ನೂ ನಿಲ್ಲಿಸಿದ್ದರು. ಶಿರಾದಿಂದ ಹೆಲ್ತ್ ಇನ್‌ಸ್ಪೆಕ್ಟರ್ ರಂಗಯ್ಯನವರು ಆ ಊರಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಸೈಕಲ್ ತುಳಿದುಕೊಂಡು ಬಂದು, ನಮಗಿದ್ದ ಒಂದೇ ಸಿಹಿನೀರಿನ ಬಾವಿಗೆ ಕಪ್ಪು ಹರಳು ಕರಗಿಸಿ ಸುರಿದರು. ಬಾವಿ ಕೆಂಪಗಾಯಿತು.

ಮಾರಮ್ಮ ಮುನಿದು ನೀರನ್ನು ರಕ್ತ ಮಾಡಿದಳು ಎಂದರು ಕೆಲವರು. ಸರ್ಕಾರದವರು ವಿಷ ಹಾಕಿದರು ಎಂದರು ಉಳಿದವರು. ಹೆಂಗಸರು ಕೊಡ ಎತ್ತಿಕೊಂಡು ಕೆರೆಯ ಕಡೆ ಹೊರಟರು. ಅದೇ ಕೆರೆಯಲ್ಲಿ ಪಕ್ಕದೂರಿನವರು ರೋಗಿಗಳ ಬಟ್ಟೆ ಒಗೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ನಡೆದವಳು ನನ್ನ ಚಿಕ್ಕಮ್ಮ ನಾಗಕ್ಕ, ತುಂಬಿದ ಬಸುರಿ.

ರಂಗಯ್ಯನವರು ದಾರಿಗೆ ಅಡ್ಡ ನಿಂತು ಕೈಮುಗಿದರು. ಅದು ಔಷಧಿ, ಅರ್ಧ ಗಂಟೆ ಬಿಟ್ಟು ಕುಡಿದರೆ ಏನೂ ಆಗದು ಎಂದರು. ಮುಗಿದ ಕೈಯ ಬೆರಳುಗಳೆಲ್ಲ ಹರಳಿನ ಕಲೆಯಿಂದ ಕಂದಾಗಿದ್ದವು. ಅದನ್ನು ನೋಡಿ ಜನ ಇನ್ನಷ್ಟು ಹಿಂದೆ ಸರಿದರು. ರೋಗದ ಊರಿನಿಂದ ಬಂದವರೆಂದು ಬೆಳಗಿನಿಂದ ಅವರನ್ನು ಯಾರೂ ಜಗಲಿ ಹತ್ತಿಸಿರಲಿಲ್ಲ.

ಆಗ ನನ್ನಜ್ಜಿ ಓಬಕ್ಕ ಬಾವಿಗೆ ಬಗ್ಗಿ ಬಹಳ ಹೊತ್ತು ನೋಡಿದಳು. ಓಕುಳಿ ನಿಂತಿತೆಂದು ಹಿರಿಯರ ಮೇಲೆ ಮುನಿಸಿಕೊಂಡಿದ್ದವಳು ಅವಳು. ಒಂದು ಕೊಡ ಸೇದಿ, ಸೀದಾ ಬಂದು ಇನ್‌ಸ್ಪೆಕ್ಟರ ತಲೆಯ ಮೇಲೆ ಸುರಿದಳು.

"ರಕ್ತ ಅಂತೀರಲ್ಲೇ, ಓಕುಳಿ ಕಣ್ರೇ ಇದು."

ಹಟ್ಟಿಯೆಲ್ಲ ಅವರ ಮುಖ ನೋಡಿತು. ನಮ್ಮಲ್ಲಿ ಓಕುಳಿ ಎರಚಿಸಿಕೊಂಡವನು ಕೋಪ ಮಾಡುವ ಹಾಗಿಲ್ಲ. ಅವನು ಅವತ್ತಿನ ಮಟ್ಟಿಗೆ ಎರಚಿದವರ ಮನೆಯ ನೆಂಟ. ಪಾಪ, ರಂಗಯ್ಯನವರಿಗೆ ಇದೇನು ಗೊತ್ತು! ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣೊರೆಸಿಕೊಂಡು ಕೇಳಿದರು, "ನಾನೂ ಒಂದು ಕೊಡ ಹುಯ್ಯಬಹುದೇನಮ್ಮ?"

ಅಷ್ಟು ಸಾಕಾಯಿತು. ಹಟ್ಟಿಯ ಯಜಮಾನ ಯತ್ತಪ್ಪಜ್ಜನ ಬಿಳಿ ಗಡ್ಡ ಗುಲಾಬಿಯಾಯಿತು. ಮೇಕೆಮರಿಗಳು ಗುಲಾಬಿಯಾದವು. ಅತ್ತಿಗೆ ನಾದಿನಿಯರು ಹಳೆಯ ಬಾಕಿಯನ್ನೆಲ್ಲ ಕೊಡಗಟ್ಟಲೆ ತೀರಿಸಿಕೊಂಡರು. ನಾಗಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಕುಸಿದು ಕೂತಳು. ತೆರೆದ ಬಾಯಿಗೆ ನೀರು ಬಿತ್ತು. ನುಂಗಿಬಿಟ್ಟಳು.

ಎಲ್ಲರೂ ನಿಂತರು. ಅಜ್ಜಿ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಸೊಸೆಯ ಹತ್ತಿರ ಬಂದು ಕೂತಳು. ನಾಗಕ್ಕ ನಾಲಿಗೆ ಚಪ್ಪರಿಸಿದಳು.

"ಕಬ್ಬಿಣ ನೆಕ್ಕಿದಂಗೈತೆ ಕಣತ್ತೆ. ಇನ್ನೊಂದು ಚೊಂಬು ಕೊಡು, ನಕ್ಕು ನಕ್ಕು ಗಂಟಲು ಒಣಗೋಗೈತೆ."

ಅವಳು ಕುಡಿದಳು. ಅವಳು ಕುಡಿದ ಮೇಲೆ ಹಟ್ಟಿಯೆಲ್ಲ ಕುಡಿಯಿತು. ಕೆರೆಯ ದಾರಿ ಅವತ್ತಿಗೆ ಖಾಲಿಯಾಯಿತು. ಓಕುಳಿಯಾಟದಲ್ಲಿ ಬಾವಿ ಅರ್ಧ ಬರಿದಾಗಿತ್ತು. ರಂಗಯ್ಯನವರು ಹೊಸ ನೀರು ಊರುವುದನ್ನೇ ಕಾದು, ಇನ್ನೊಮ್ಮೆ ಹರಳು ಕರಗಿಸಿ ಸುರಿದರು.

ಸಂಜೆ ಅವರು ಸೈಕಲ್ ಎತ್ತಿ ನಿಲ್ಲಿಸುವ ಹೊತ್ತಿಗೆ ಅಜ್ಜಿ ಒಳಗಿನಿಂದ ಬಂದಳು. ಕಂಚಿನ ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು. ಜಗಲಿ ತೋರಿಸಿದಳು. ಅವರು ಕೂತ ಮೇಲೆ ಆ ಕಂದು ಕೈಗಳಿಗೆ ತಟ್ಟೆ ಕೊಟ್ಟಳು.